ಮೂರನೇ ಕಿಕ್ಕಿಗೆ ಸ್ಟಾರ್ಟ್ ಆದ ಗಾಡಿ

ಪ್ಲಗ್ ಒಣಗಿತ್ತು.

ಕರಾಚಾಚ್ ಅದನ್ನು ಪೊಲೀಸ್ ಠಾಣೆಯ ಶೆಡ್ಡಿನ ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ತುದಿಗೆ ಹದವಾಗಿ ಬೆಂದ ರೊಟ್ಟಿಯ ಬಣ್ಣ. ಮೂಗಿನ ಹತ್ತಿರ ತಂದಳು. ಪೆಟ್ರೋಲಿನ ವಾಸನೆ ಕೂಡ ಇಲ್ಲ.

ಕಿಕ್ ಹೊಡೆದೂ ಹೊಡೆದೂ ಸೋತವನ ಗಾಡಿಯ ಪ್ಲಗ್ ಹೀಗಿರುವುದಿಲ್ಲ. ಪೆಟ್ರೋಲಿನಲ್ಲಿ ನೆಂದು ತೊಪ್ಪೆಯಾಗಿರುತ್ತದೆ.

ಶುಕ್ರವಾರ ಬೆಳಿಗ್ಗೆ ಘಾಟಿಯ ತಿರುವಿನಲ್ಲಿ, ಈ ಸೈಡ್‌ಕಾರ್ ಬೈಕಿಗೆ ಒರಗಿ ಕೂತಲ್ಲೇ ಹೆಪ್ಪುಗಟ್ಟಿ ಸಿಕ್ಕಿದ್ದವನು ಎಸೆನ್‌ಕುಲ್. ಕುರಿಗಳಿಗೆ ಲಸಿಕೆ ಹಾಕುತ್ತ ಮೂವತ್ತು ವರ್ಷ ಆ ಬೆಟ್ಟಗಳನ್ನು ಸುತ್ತಿದ ಒಂಟಿ ಮುದುಕ. ಮೈಮೇಲೆ ಒಂದು ಗಾಯವಿಲ್ಲ. ‘ಚಳಿಗೆ ಗಾಡಿ ಸ್ಟಾರ್ಟ್ ಆಗಲಿಲ್ಲ, ಸತ್ತ’ ಎಂದು ಬರೆದು ಕಡತ ಮುಚ್ಚಲು, ತನಿಖೆ ನಡೆಸುತ್ತಿದ್ದ ಅವಳಿಗೆ ಠಾಣೆಯ ಸಾಹೇಬರು ಕೊಟ್ಟ ಗಡುವು ನಾಳೆ, ಬುಧವಾರ.

“ಏನೇ ಮಗಳೇ, ಗಂಡು ನೋಡೋ ವಯಸ್ಸಲ್ಲಿ ಗಂಡು ನೋಡಲಿಲ್ಲ. ಈಗ ಸತ್ತವನ ಗಾಡಿ ತಬ್ಕೊಂಡು ಕೂತಿದ್ದೀಯಲ್ಲ!”

ಹಿರಿಯಕ್ಕನೆಂದು ಎಲ್ಲರೂ ‘ಅಪಾ’ ಎನ್ನುತ್ತಿದ್ದ ಉಮ್ಸುನ್ ಒಂದು ಕೈಯಲ್ಲಿ ಚಹಾದ ಬಟ್ಟಲು, ಇನ್ನೊಂದರಲ್ಲಿ ಬಟ್ಟೆ ಸುತ್ತಿದ, ಎಣ್ಣೆಯಲ್ಲಿ ಕರಿದ ಹಿಟ್ಟುಂಡೆ ಬೋರ್ಸೋಕಿನ ಬಿಸಿ ಪೊಟ್ಟಣ ಹಿಡಿದು ಶೆಡ್ಡಿಗೆ ಬಂದಿದ್ದಳು. ಠಾಣೆಯ ಉಗ್ರಾಣದ ಬೀಗದ ಕೈಯೂ ರೇಡಿಯೋ ಕೋಣೆಯೂ ಹೊರಗೆ ಒಯ್ಯುವ ಕೈ ರೇಡಿಯೋವೂ ಅವಳ ಸುಪರ್ದಿಯಲ್ಲಿದ್ದವು. ಹಿಂದೆ ಆಸ್ಪತ್ರೆಯ ವ್ಯಾನು ಓಡಿಸುತ್ತಿದ್ದವಳು. ಅರವತ್ತರ ಹತ್ತಿರ ಬಂದರೂ ನಡಿಗೆಯಲ್ಲಿ ಇನ್ನೂ ಆ ಡ್ರೈವರಿಕೆಯ ಬಿರುಸಿತ್ತು.

“ಗಂಡು ಕೂಡ ಚಳೀಲಿ ಇಷ್ಟೇ ಅಪಾ. ಮುನಿಸ್ಕೊಂಡ್ರೆ ಏಳಲ್ಲ,” ಎಂದಳು ಕರಾಚಾಚ್.

“ಇದು ಒದ್ರೆ ಎದ್ದೇಳುತ್ತೆ. ಅದು ಒದ್ರೂ ಏಳಲ್ಲ ಕಣೇ,” ಎಂದು ಉಮ್ಸುನ್ ನಕ್ಕು, ಪೊಟ್ಟಣವನ್ನು ಸೈಡ್‌ಕಾರಿನ ಸೀಟಿನ ಮೇಲೆ ಬಿಚ್ಚಿಟ್ಟಳು. “ತಿನ್ನು. ನಿನ್ನೆ ರಾತ್ರೀನೂ ಏನೂ ತಿಂದಿರಲ್ಲ ನೀನು.”

ಅದು ನಿಜವೇ. ಕರಾಚಾಚ್‌ಗೆ ನಲವತ್ತೊಂದು. ಸಾಮೂಹಿಕ ಬೇಸಾಯ ಸಂಘದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ತೀರಿಕೊಂಡ ಮೇಲೆ ಅವಳು ಒಲೆ ಹಚ್ಚುವುದನ್ನೇ ಕಡಿಮೆ ಮಾಡಿದ್ದಳು. ಒಬ್ಬಳಿಗೋಸ್ಕರ ಪಾತ್ರೆ ಯಾಕೆ ಮಸಿ ಮಾಡಬೇಕು? ಊಟ ಆಯಿತೇ ಎಂದು ಕೇಳುವ ಜೀವ ಈ ಊರಿನಲ್ಲಿ ಉಮ್ಸುನ್ ಒಬ್ಬಳೇ. ಹಾಗಾಗಿ ಆ ಪ್ರಶ್ನೆ ಬಂದಾಗಲೆಲ್ಲ ಅವಳಿಗೆ ಉತ್ತರ ತಡವಾಗುತ್ತಿತ್ತು.

“ಅವನ ಸಾಮಾನಿನ ಚೀಲದಲ್ಲಿ ಒಂದು ಪುಸ್ತಕ ಇದೆ, ನೋಡಿದ್ಯಾ?” ಎಂದಳು ಉಮ್ಸುನ್. “ಕೊನೇ ಪುಟ ಓದು. ಕರುಳು ಕಿತ್ತು ಬರುತ್ತೆ.”

ಸ್ಪ್ಯಾನರುಗಳ ನಡುವೆ, ಎಣ್ಣೆ ಕುಡಿದು ಉಬ್ಬಿದ ಚಿಕ್ಕ ನೋಟ್‌ಬುಕ್ಕೊಂದಿತ್ತು. ಕೊನೆಯ ಸಾಲು: *ಗುರುವಾರ. ಕೆಳಗಿನ ತಿರುವು. ಮೈನಸ್ 22. ಹದಿನೇಳು ಕಿಕ್. ಆಗಲಿಲ್ಲ.*

“ಪಾಪ, ಸಾಯೋವಾಗಲೂ ಲೆಕ್ಕ ಬರೆದಿದ್ದಾನೆ. ಇನ್ನೇನು ಬೇಕು ನಿಮ್ಮ ಸಾಹೇಬರಿಗೆ?”

“ನಂಗೆ ಬೇಕು ಅಪಾ. ನೋಡಿ ಇಲ್ಲಿ. ಪೆಟ್ರೋಲ್ ಟ್ಯಾಪ್ ಮುಚ್ಚಿದೆ. ಗಾಡಿ ಸಿಕ್ಕಾಗಲೂ ಮುಚ್ಚೇ ಇತ್ತು, ಫೋಟೋದಲ್ಲಿದೆ.”

“ತೆರೆಯೋಕೆ ಮರೆತಿದ್ದಾನೆ. ಮುದುಕ ತಾನೇ?”

“ಮೂವತ್ತು ವರ್ಷ ಇದನ್ನೇ ಓಡಿಸಿದವನು ಹದಿನೇಳು ಸಲ ಒದ್ದು, ಒಂದು ಸಲಾನೂ ಟ್ಯಾಪ್ ಮುಟ್ಟಿ ನೋಡಲ್ವಾ?”

ಉಮ್ಸುನ್ ಚಹಾದ ಬಟ್ಟಲನ್ನು ಪೊಟ್ಟಣದ ಪಕ್ಕಕ್ಕೆ ಇಟ್ಟಳು.

ಕರಾಚಾಚ್ ಪ್ಲಗ್ಗನ್ನು ತಿರುಗಿಸಿ ಕೂರಿಸಿದಳು. ಟ್ಯಾಪ್ ತೆರೆದಳು. ಕಾರ್ಬ್ಯುರೇಟರಿನ ಪಕ್ಕದ ಗುಂಡಿಯನ್ನು ಬೆರಳು ಒದ್ದೆಯಾಗುವವರೆಗೆ ಒತ್ತಿದಳು. ಆಗಲೇ ಅವಳ ಕಣ್ಣು ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಹಿಡಿದಿದ್ದ ಎರಡು ನಟ್ಟುಗಳ ಮೇಲೆ ನಿಂತಿತು. ಗಾಡಿಯ ಉಳಿದ ನಟ್ಟುಗಳೆಲ್ಲ ಮಣ್ಣು, ಜಿಡ್ಡು ಮೆತ್ತಿ ಕರ್ರಗಿದ್ದವು. ಈ ಎರಡರ ಮೂಲೆಗಳು ಮಾತ್ರ ಸವೆದು, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಸ್ಪ್ಯಾನರ್ ಹಾಕಿ ನೋಡಿದಳು. ಬಿಗಿಯಾಗಿಯೇ ಇದ್ದವು. ಆದರೆ ಯಾರೋ ಅವನ್ನು ಮತ್ತೆ ಮತ್ತೆ ಬಿಚ್ಚಿ ಬಿಗಿದಿದ್ದರು.

ಆ ಜಾಗದಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಸಾಕು, ಗಾಳಿ ನುಗ್ಗುತ್ತದೆ. ಬಿಸಿ ಎಂಜಿನ್ ಹೇಗೋ ತಡೆದುಕೊಳ್ಳುತ್ತದೆ. ತಣ್ಣಗಿದ್ದರೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ಇದು ಅಪ್ಪ ಕಲಿಸಿದ ಪಾಠ.

ಚೋಕ್ ಎಳೆದಳು. ಕೀಲಿ ತಿರುಗಿಸದೆ ಮೆತ್ತಗೆ ಎರಡು ಕಿಕ್. ಆಮೇಲೆ ಕೀಲಿ ತಿರುಗಿಸಿ, ಮೈಭಾರವನ್ನೆಲ್ಲ ಹಾಕಿ ಮೂರನೆಯದು.

ಗಾಡಿ ಗುಡುಗಿ ಎದ್ದಿತು. ನೀಲಿ ಹೊಗೆ ಶೆಡ್ಡನ್ನು ತುಂಬಿತು.

ಇಡೀ ರಾತ್ರಿ ಮೈನಸ್ ಹದಿನೇಳರಲ್ಲಿ ನಿಂತಿದ್ದ ಗಾಡಿ! ಕರಾಚಾಚ್ ಗೆದ್ದ ಮುಖ ಮಾಡಿಕೊಂಡು ತಿರುಗಿದಳು. ಉಮ್ಸುನ್ ನಗಲಿಲ್ಲ.

“ಆರಿಸು ಮಗಳೇ. ಸತ್ತವನ ಗಾಡೀನ ಹೀಗೆ ಕೂಗಿಸಬಾರದು,” ಎಂದಷ್ಟೇ ಹೇಳಿ, ಬಟ್ಟಲನ್ನೂ ತೆಗೆದುಕೊಳ್ಳದೆ ಹೊರಟುಹೋದಳು.

ಒಬ್ಬಳೇ ಉಳಿದ ಕರಾಚಾಚ್ ಬೋರ್ಸೋಕ್ ಜಗಿಯುತ್ತ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದಳು. ಎರಡು ಚಳಿಗಾಲಗಳ ಬರವಣಿಗೆ. ಪ್ರತಿ ಸಾಲಿನಲ್ಲೂ ದಿನ, ಜಾಗ, ಚಳಿ, ಎಷ್ಟು ಕಿಕ್. ಹೆಂಡತಿ ಇಲ್ಲ, ಮಕ್ಕಳಿಲ್ಲ. ಬೆಳಿಗ್ಗೆ ಎದ್ದು ಆ ಮನುಷ್ಯ ಮೊದಲು ಮಾತಾಡಿಸುತ್ತಿದ್ದದ್ದು ಈ ಗಾಡಿಯನ್ನೇ ಇರಬೇಕು. *ಮೇಲಿನ ಕೊಟ್ಟಿಗೆ. ಮೀಸೆ ಬಿಳಿ. ಮೂರು ಕಿಕ್. ಸೇತುವೆ ಮನೆ. ಉಗುಳಿದರೆ ಕಲ್ಲು. ನಾಲ್ಕು ಕಿಕ್. ಜಾಣೆ.*

ಎಲ್ಲ ಕಡೆ ಮೂರು, ನಾಲ್ಕು, ಹೆಚ್ಚೆಂದರೆ ಐದು.

‘ಆಗಲಿಲ್ಲ. ಉಳಿದೆ’ ಎಂಬ ಮಾತು ಕೊನೆಯ ಪುಟದ ಮೊದಲು ಹನ್ನೊಂದು ಸಲ ಬಂದಿತ್ತು. ಹನ್ನೊಂದೂ ಒಂದೇ ಜಾಗದಲ್ಲಿ: *ಬೆಯ್ಶೆನ್ ಮನೆ.*

ಬೆಯ್ಶೆನ್ ಎಂದರೆ ಘಾಟಿಯ ನೆತ್ತಿಯಲ್ಲಿ ಹವಾಮಾನ ಅಳೆಯುವ ಕೇಂದ್ರವನ್ನು ಒಬ್ಬನೇ ನೋಡಿಕೊಳ್ಳುವವನು. ಹೆಣ ಸಿಕ್ಕ ತಿರುವಿನಿಂದ ಅವನ ಮನೆ ಎರಡೇ ಕಿಲೋಮೀಟರ್ ಮೇಲೆ.

ಕರಾಚಾಚ್ ಉಗ್ರಾಣದ ದಾಖಲೆಗೆ ಸಹಿ ಹಾಕದೆ ನೋಟ್‌ಬುಕ್ಕನ್ನು ಕೋಟಿನ ಒಳಜೇಬಿಗೆ ಸೇರಿಸಿದಳು. ಸಾಹೇಬರಿಗೆ ಗೊತ್ತಾದರೆ ಬಿಡುವುದಿಲ್ಲ. ಮಾರುಕಟ್ಟೆಗೆ ಹೋಗಿಬರುತ್ತೇನೆಂದು ಉಮ್ಸುನ್‌ಗೂ ಸುಳ್ಳು ಹೇಳಿ ಜೀಪು ಹತ್ತಿದಳು.

*

ಬೆಯ್ಶೆನ್ ಟೋಪಿ ಕೂಡ ಹಾಕದೆ ಹಿಮದಲ್ಲಿ ಓಡಿಬಂದ. ಜೀಪು ಪೂರ್ತಿ ನಿಲ್ಲುವ ಮೊದಲೇ ಅದರ ಬಾಗಿಲು ಹಿಡಿದಿದ್ದ.

“ಬಾ ತಂಗಿ, ಬಾ! ಪೊಲೀಸಿನೋಳಾ? ಯಾರಾದ್ರೂ ಆಗಿರು, ಒಳಗೆ ಬಾ. ಒಲೆ ಉರೀತಿದೆ. ನೀರು ಕುದೀತಿದೆ. ಮಾಂಸ ಈಗ ಹಾಕ್ತೀನಿ.”

“ಮಾಂಸ ಬೇಡ ಅಣ್ಣ. ಎರಡು ಮಾತು ಕೇಳಿ ಹೋಗ್ತೀನಿ.”

“ರೊಟ್ಟಿ ಮುರೀದೆ ಹೋಗೋದುಂಟಾ? ಎರಡು ಮಾತಂತೆ! ಇಲ್ಲಿಗೆ ಬಂದೋರು ಎರಡು ಮಾತಾಡಿ ಹೋದ್ರೆ ಉಳಿದ ಮಾತನ್ನೆಲ್ಲ ನಾನು ಯಾರ ಹತ್ರ ಆಡ್ಲಿ, ಗಾಳಿಗಾ?”

ಒಂದೇ ಕೋಣೆ. ಒಂದು ಮಂಚ, ಒಂದು ಮೇಜು, ಮೂಲೆಯಲ್ಲಿ ರೇಡಿಯೋ. ಕಿಟಕಿಯಾಚೆ ಕಣ್ಣು ಹಾಯುವಷ್ಟೂ ಬಿಳುಪು. ರಸ್ತೆ ಕೆಳಗಿಳಿಯುತ್ತ ಬಂಡೆಯೊಂದರ ಹಿಂದೆ ಮರೆಯಾಗುತ್ತಿತ್ತು. ಕಪಾಟಿನಲ್ಲಿ ಬಟ್ಟಲುಗಳು ಎರಡೇ. ಒಂದರ ತಳ ಒಣಗಿ ಧೂಳು ಕೂತಿತ್ತು.

ಅವನು ಮಾತು ನಿಲ್ಲಿಸಲಿಲ್ಲ. ಚಹಾ ಬಗ್ಗಿಸುತ್ತ, ರೊಟ್ಟಿ ಮುರಿಯುತ್ತ, ಕಳೆದ ವಸಂತದಲ್ಲಿ ಬಂದ ತೋಳದ ಕಥೆ, ಬಾರದ ಸಂಬಳದ ಕಥೆ, ಸತ್ತ ನಾಯಿಯ ಕಥೆ. ಎಸೆನ್‌ಕುಲ್ ಹೆಸರು ಮಾತ್ರ ಇಲ್ಲ. ಕರಾಚಾಚ್ ಕಾದಳು. ಕೊನೆಗೆ ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆತ್ತಗೆ ಕೇಳಿದಳು.

“ಅಣ್ಣ, ನಿಮ್ಮ ಹತ್ರ ಸ್ಪ್ಯಾನರ್ ಇದೆಯಾ?”

ಚಹಾ ಬಗ್ಗಿಸುತ್ತಿದ್ದ ಕೈ ನಿಂತಿತು.

“ಎಂಥ ಸ್ಪ್ಯಾನರ್?”

“ಕಾರ್ಬ್ಯುರೇಟರಿನ ಎರಡು ನಟ್ಟು ಬಿಚ್ಚೋವಂಥದ್ದು.”

ಬೆಯ್ಶೆನ್ ಕೆಟಲನ್ನು ಕೆಳಗಿಟ್ಟ. ಮಂಚದ ಮೇಲೆ ಕುಸಿದು ಕೂತ. ಇಷ್ಟು ಹೊತ್ತು ಮಾತು ತುಂಬಿದ್ದ ಕೋಣೆಯಲ್ಲಿ ಗಾಳಿಯ ಶಬ್ದ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

“ನಾನೇ ಕೊಂದೆ ಅವನನ್ನ,” ಎಂದ.

ಕರಾಚಾಚ್ ಕೈಯಲ್ಲಿದ್ದ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು.

“ಕೊಲ್ಲೋಕಂತ ಅಲ್ಲ ತಂಗಿ. ದೇವರಾಣೆ ಅಲ್ಲ. ವರ್ಷದಲ್ಲಿ ಎಂಟು ತಿಂಗಳು ಇಲ್ಲಿಗೆ ನರಪಿಳ್ಳೆ ಬರಲ್ಲ. ತಿಂಗಳಿಗೊಂದು ಸಲ ಅವನು ಬರ್ತಿದ್ದ, ರಾತ್ರಿ ಇರ್ತಿದ್ದ. ಹೊಟ್ಟೆ ತುಂಬ ಮಾತಾಡ್ತಿದ್ವಿ. ಬೆಳಿಗ್ಗೆ ಎದ್ದು ಹೊರಟುಬಿಡ್ತಿದ್ದ. ಆ ಗಾಡಿ ಶಬ್ದ ಕೆಳಗಿಳಿದು ಇಳಿದು ಇಲ್ಲದಂಗಾಗುತ್ತಲ್ಲ, ಅದು… ಅದನ್ನ ನೀನು ಕೇಳಿಲ್ಲ. ನಿಂಗೆ ಗೊತ್ತಾಗಲ್ಲ.”

ಗೊತ್ತಾಗುತ್ತದೆ ಎಂದು ಅವಳು ಹೇಳಲಿಲ್ಲ.

“ಒಂದಿನ ಅವನು ಮಲಗಿದ್ದಾಗ ಹೋಗಿ ಆ ಎರಡು ನಟ್ಟು ಅರ್ಧ ಸುತ್ತು ಸಡಿಲ ಮಾಡ್ದೆ. ಬೆಳಿಗ್ಗೆ ಗಾಡಿ ಏಳಲಿಲ್ಲ. ಹಾಳಾದ್ದು ಚಳಿಗೆ ಏಳ್ತಿಲ್ಲ, ಇನ್ನೊಂದು ರಾತ್ರಿ ನಿನ್ನ ತಲೆ ತಿಂತೀನಿ ಅಂತ ಒಳಗೆ ಬಂದ. ಎಷ್ಟು ಖುಷಿಯಾಯ್ತು ಅಂದ್ರೆ, ನಾನು ಹೊರಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಅದೇ ಚಾಳಿಯಾಯ್ತು.”

“ಗುರುವಾರ?”

“ಗುರುವಾರಾನೂ ಸಡಿಲ ಮಾಡಿದ್ದೆ.” ಅವನು ಕಿಟಕಿಯಾಚೆಯ ರಸ್ತೆಯತ್ತ ನೋಡಿದ. “ಆದ್ರೆ ಅವತ್ತು ಹೇಗೋ ಸ್ಟಾರ್ಟ್ ಆಗಿಬಿಡ್ತು. ಹೊರಟುಹೋದ. ಕೆಳಗೆ ತಿರುವಲ್ಲಿ ಯಾರೋ ಕಾಯ್ತಾರೆ, ಹಳೇ ನಂಟು, ಮಾತಾಡೋದಿದೆ ಅಂದಿದ್ದ. ಅಲ್ಲಿ ನಿಂತಿದ್ದಾನೆ. ಗಾಡಿ ತಣ್ಣಗಾಗಿದೆ. ಸಡಿಲ ನಟ್ಟಲ್ಲಿ ಮತ್ತೆ ಹೇಗೆ ಏಳುತ್ತೆ? ಅಲ್ಲೇ ಒದ್ದೂ ಒದ್ದೂ… ನಾನು ಇಲ್ಲಿ ಬೆಚ್ಚಗೆ ಕೂತು ಸೂಪು ಕುಡೀತಿದ್ದೆ ತಂಗಿ.”

ಬೆಯ್ಶೆನ್ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ. ಐದು ದಿನಗಳಿಂದ ಈ ಕೋಣೆಯಲ್ಲಿ ಅವನು ಆ ಮಾತಿನ ಜೊತೆ ಒಬ್ಬನೇ ಇದ್ದ.

ಕರಾಚಾಚ್ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು.

“ಇದು ಅವರದ್ದೇ ತಾನೇ?”

ಅವನು ಅದನ್ನು ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡ. ಪುಟ ತಿರುಗಿಸುತ್ತ ನಡುವಿನಲ್ಲಿ ನಿಂತ. ಎರಡು ಹಾಳೆಗಳು ಎಣ್ಣೆಗೆ ಅಂಟಿಕೊಂಡಿದ್ದವು. ಕರಾಚಾಚ್ ಅವನ್ನು ಒಂದೇ ಹಾಳೆ ಎಂದುಕೊಂಡು ದಾಟಿಬಿಟ್ಟಿದ್ದಳು. ಬೆಯ್ಶೆನ್ ಪುಸ್ತಕವನ್ನು ಒಲೆಯ ಬಿಸಿಗೆ ಹಿಡಿದು, ಉಗುರಿನಿಂದ ನಿಧಾನವಾಗಿ ಹಾಳೆ ಬಿಡಿಸಿದ. ಓದಿದ. ಮತ್ತೆ ಓದಿದ. ಆಮೇಲೆ ಮಾತಿಲ್ಲದೆ ಅವಳ ಮುಂದೆ ಚಾಚಿದ.

*ಬೆಯ್ಶೆನ್ ಮನೆ. ಮೈನಸ್ 13. ಮತ್ತೆ ಎರಡು ನಟ್ಟು ಸಡಿಲ. ಬಿಗಿ ಮಾಡಿದೆ. ಕಿಕ್ ಹೊಡೆಯಲಿಲ್ಲ. ಒಳಗೆ ಹೋಗಿ ಆಗಲಿಲ್ಲ ಅಂದೆ. ಆಗಲೇ ಎರಡು ಬಟ್ಟಲು ಇಟ್ಟಿದ್ದ. ಉಳಿದೆ.*

ಕಳೆದ ವರ್ಷದ ತಾರೀಖು.

“ಅವನಿಗೆ ಗೊತ್ತಿತ್ತು,” ಎಂದ ಬೆಯ್ಶೆನ್. “ಇಡೀ ವರ್ಷ ಗೊತ್ತಿತ್ತು ಕಳ್ಳನಿಗೆ!”

“ಗುರುವಾರಾನೂ ಗೊತ್ತಿತ್ತು ಅಣ್ಣ. ಬಿಗಿ ಮಾಡ್ಕೊಂಡೇ ಹೊರಟಿದ್ದಾರೆ. ನಾನೇ ಸ್ಪ್ಯಾನರ್ ಹಾಕಿ ನೋಡಿದೀನಿ, ನಟ್ಟು ಕಲ್ಲಿನ ಹಾಗೆ ಬಿಗಿಯಿದೆ. ಇವತ್ತು ಬೆಳಿಗ್ಗೆ ಗಾಡಿ ಮೂರನೇ ಕಿಕ್ಕಿಗೆ ಸ್ಟಾರ್ಟ್ ಆಯ್ತು. ನೀವು ಕೊಂದಿಲ್ಲ.”

ಅವನು ಸದ್ದಿಲ್ಲದೆ, ಭುಜ ಕುಲುಕದೆ ಅತ್ತ. ಅಳುವನ್ನು ಕೇಳುವವರಿದ್ದಾರೆಂಬ ಅಭ್ಯಾಸವೇ ತಪ್ಪಿಹೋದ ಅಳು ಅದು. ಕರಾಚಾಚ್ ಎದ್ದು, ಕಪಾಟಿನ ಎರಡನೇ ಬಟ್ಟಲನ್ನು ಒರೆಸಿ, ಚಹಾ ತುಂಬಿ ಅವನ ಮುಂದಿಟ್ಟಳು. ತನ್ನ ಪಾಲಿನ ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಮೂಗೊರೆಸಿಕೊಂಡು ಮತ್ತೆ ಪುಸ್ತಕ ತಿರುಗಿಸಿದ. ಕೊನೆಯ ಪುಟಕ್ಕೆ ಬಂದ. ಹುಬ್ಬು ಗಂಟಾಯಿತು.

“ಇದನ್ನ ಯಾರು ಬರೆದಿದ್ದು?”

“ಯಾಕೆ? ಅವರೇ ಅಲ್ವಾ?”

“ಮೈನಸ್ ಇಪ್ಪತ್ತೆರಡು ಅಂತ ಇದೆಯಲ್ಲ? ಎಸೆನ್‌ಕುಲ್ ಹತ್ರ ಥರ್ಮಾಮೀಟರ್ ಎಲ್ಲಿತ್ತು? ಚಳಿ ಅಂದ್ರೆ ಅವನಿಗೆ ಮೀಸೆ, ಮೂಗು, ಉಗುಳು, ಅಷ್ಟೇ. ಅಂಕಿ ಬರೀತಿದ್ದದ್ದು ಇಲ್ಲಿದ್ದಾಗ ಮಾತ್ರ. ನನ್ನ ಕೇಳಿ ಬರ್ಕೊಳ್ತಿದ್ದ. ತಿರುವಲ್ಲಿ ಕೂತವನಿಗೆ ಅಂಕಿ ಯಾರು ಹೇಳಿದ್ರು?”

ಕರಾಚಾಚ್ ಪುಸ್ತಕವನ್ನು ಕಿತ್ತುಕೊಳ್ಳುವಂತೆ ಎಳೆದುಕೊಂಡಳು. ಹಿಂದಿನ ಪುಟಗಳನ್ನು ಮಗುಚಿದಳು. ಮೇಲಿನ ಕೊಟ್ಟಿಗೆ, ಮಾತು. ಸೇತುವೆ ಮನೆ, ಮಾತು. ಬೆಯ್ಶೆನ್ ಮನೆ, ಅಂಕಿ. ಬೆಳಿಗ್ಗೆಯೇ ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ಇಳಿದಿರಲಿಲ್ಲ.

“ಇನ್ನೊಂದು,” ಎನ್ನುತ್ತ ಬೆಯ್ಶೆನ್ ತನ್ನ ದಪ್ಪ ದಾಖಲೆ ಪುಸ್ತಕವನ್ನು ಮೇಜಿಗೆ ತಂದ. ಈಗ ಅವನ ದನಿ ಬೇರೆಯಾಗಿತ್ತು. ಇಪ್ಪತ್ತಾರು ವರ್ಷ ಒಂದು ಹೊತ್ತೂ ತಪ್ಪಿಸದೆ ಅಳೆದವನ ದನಿ. “ಗುರುವಾರ ಮಧ್ಯಾಹ್ನ ಮೈನಸ್ ಆರು. ಸಂಜೆ ಹನ್ನೊಂದು. ಶುಕ್ರವಾರ ಬೆಳಿಗ್ಗೆ ಹದಿನಾಲ್ಕು. ಇಪ್ಪತ್ತೆರಡು ಈ ಚಳಿಗಾಲದಲ್ಲಿ ಒಂದೇ ಸಲ ಆಗಿರೋದು. ಮೊನ್ನೆ ಭಾನುವಾರ, ಬೆಳಿಗ್ಗೆ ಆರು ಗಂಟೆಗೆ.”

“ಭಾನುವಾರ ಅವರು ಸತ್ತು ಮೂರು ದಿನ ಆಗಿತ್ತು.”

“ಹೂಂ ಮತ್ತೆ. ಹೆಣ ಬರೆಯುತ್ತಾ?”

ಶುಕ್ರವಾರ ಮಧ್ಯಾಹ್ನದಿಂದ ಆ ಚೀಲ ಠಾಣೆಯ ಉಗ್ರಾಣದಲ್ಲಿತ್ತು. ಬೀಗ ಹಾಕಿದ್ದ ಉಗ್ರಾಣದಲ್ಲಿ.

ಕರಾಚಾಚ್ ನೋಟ್‌ಬುಕ್ಕನ್ನು ಮುಚ್ಚಿದಳು.

“ಅಣ್ಣ, ಆ ಭಾನುವಾರದ ಅಂಕೀನ ನೀವು ಯಾರಿಗೆ ಹೇಳಿದ್ರಿ?”

“ದಿನಾ ಹೇಳೋ ಹಾಗೆ ರೇಡಿಯೋದಲ್ಲಿ ಕೆಳಗೆ ಹೇಳ್ದೆ. ನಿಮ್ಮ ಠಾಣೇಲೇ ಬರ್ಕೊಳ್ಳೋದು. ಆ ಅಮ್ಮ ಇದ್ದಾಳಲ್ಲ, ಉಮ್ಸುನ್? ಒಳ್ಳೇ ಹೆಂಗಸು. ಊಟ ಆಯ್ತಾ ಅಂತ ಕೇಳೋದು ಮರೆಯಲ್ಲ.”

ಕರಾಚಾಚ್ ದಾಖಲೆ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಬೆಳಿಗ್ಗೆ ತಿಂದ ಬೋರ್ಸೋಕಿನ ಎಣ್ಣೆಯ ರುಚಿ ನಾಲಿಗೆಯ ಮೇಲೆ ಇನ್ನೂ ಇತ್ತು. *ಕೊನೇ ಪುಟ ಓದು. ಕರುಳು ಕಿತ್ತು ಬರುತ್ತೆ.* *ತಿರುವಲ್ಲಿ ಯಾರೋ ಕಾಯ್ತಾರೆ, ಹಳೇ ನಂಟು.* ಅಪ್ಪನ ಮಣ್ಣಿಗೆ ಜೊತೆಯಲ್ಲಿ ಬಂದು ನಿಂತವಳು. ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವಳು. ಈ ಲೋಕದಲ್ಲಿ ತನಗಿರುವ ಒಬ್ಬಳನ್ನೂ ಒಂದು ಅಂಕಿ ಕಿತ್ತುಕೊಳ್ಳುತ್ತಿರುವಾಗ, ಆ ಅಂಕಿಯೇ ತಪ್ಪಿರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಬೆಯ್ಶೆನ್‌ನ ದಾಖಲೆ ಪುಸ್ತಕದ ಸಾಲುಗಳಲ್ಲಿ ಒಂದು ತಿದ್ದುಪಡಿಯಾದರೂ ಇದೆಯೇ ಎಂದು ಹುಡುಕಿದಳು. ಇರಲಿಲ್ಲ.

ಮೂಲೆಯ ರೇಡಿಯೋ ಕರಕರ ಎಂದಿತು.

ಬೆಯ್ಶೆನ್ ಗೋಡೆಯ ಗಡಿಯಾರ ನೋಡಿದ. “ಈ ಹೊತ್ತಲ್ಲಿ ಯಾರೂ ಕರೆಯಲ್ವಲ್ಲ…”

“ಬೆಯ್ಶೆನ್, ಕೇಳಿಸ್ತಿದೆಯಾ?” ಉಮ್ಸುನ್ ದನಿ. ಎಂದಿನಂತೆ ಬೆಚ್ಚಗಿತ್ತು. “ನಮ್ಮ ಹುಡುಗಿ ಅಲ್ಲಿಗೆ ಬಂದಿದ್ದಾಳೇನಪ್ಪ? ಮಾರುಕಟ್ಟೇಲಿ ಹುಡುಕ್ದೆ, ಇಲ್ಲ. ಒಂದು ಪುಸ್ತಕ ಬೇರೆ ಕಾಣ್ತಿಲ್ಲ.”

ಬೆಯ್ಶೆನ್ ಮೈಕು ಹಿಡಿದು ಅವಳತ್ತ ನೋಡಿದ. ಕರಾಚಾಚ್ ನಿಧಾನವಾಗಿ ತಲೆಯಾಡಿಸಿದಳು. ಬೇಡ.

“ಇಲ್ಲಮ್ಮ,” ಎಂದ ಬೆಯ್ಶೆನ್. “ಇಲ್ಲಿಗೆ ಯಾರು ಬರ್ತಾರೆ? ಒಬ್ಬನೇ ಇದೀನಿ.”

ಬೆಯ್ಶೆನ್ ಮೈಕಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ: “ತಂಗಿ, ಊರಿಂದ ಮಾತಾಡಿದ್ರೆ ಇಷ್ಟು ಸ್ಪಷ್ಟವಾಗಿ ಯಾವತ್ತೂ ಕೇಳಿಸಲ್ಲ. ಬಂಡೆ ಅಡ್ಡ ಬಂದು ಅರ್ಧ ಮಾತು ತಿಂದುಹಾಕುತ್ತೆ.”

ರೇಡಿಯೋ ಮತ್ತೆ ಕರಕರ ಎಂದಿತು.

“ಹಾಗಾದ್ರೆ, ನಿನ್ನ ಬಾಗಿಲ ಮುಂದೆ ನಿಂತಿರೋ ಜೀಪು ಯಾರದಪ್ಪ ಬೆಯ್ಶೆನ್?”